ನೇಮಕಕ್ಕೊಂದು ನೇಮ

ಭೂಪಾಲನಿಗೆ ಬಡ್ತಿ ಬಂದಾಗಲೆಲ್ಲ ಆ ಮನೆಯವರಿಗೆ ಎದೆಬಡಿತ ಬರುತ್ತಿತ್ತು.

ಬೇರೆಯವರ ಮನೆಯಲ್ಲಿ ಗಂಡನಿಗೆ ಬಡ್ತಿಯಾದರೆ ಹೆಂಡತಿ ಪೇಡೆ ಹಂಚುತ್ತಾಳೆ, ಹೊಸ ಸೀರೆಯ ಮಾತು ತೆಗೆಯುತ್ತಾಳೆ, ಬಾಜೂ ಮನೆಯವಳಿಗೆ ಕೇಳಲಿ ಎಂದೇ ಗಂಡನನ್ನು ಸಾಹೇಬ್ರು ಸಾಹೇಬ್ರು ಎಂದು ಕರೆಯುತ್ತಾಳೆ. ಸೋನಾಬಾಯಿ ಮಾತ್ರ ಹಿತ್ತಲಿನ ಬಾವಿಕಟ್ಟೆಯ ಹತ್ತಿರ ಗಂಡನ ಬಾಯಿಂದ ಸುದ್ದಿ ಕೇಳಿ, ಕೈಯಲ್ಲಿದ್ದ ನೀರು ಸೋಸುವ ಅರಿವೆಯನ್ನು ಹಿಂಡುತ್ತಲೇ ನಿಂತಳು. ಅರಿವೆ ಒಣಗಿತು. ಬಾಯಿಯೂ ಒಣಗಿತು.

"ಮೆಲ್ಲಕ ಹೇಳ್ರಿ. ಅತ್ತಿ ಒಳಗ ಅದಾರ."

"ಮೆಲ್ಲಕಽ ಹೇಳಾಕತ್ತೀನಿ. ಮ್ಯಾನೇಜರ್ ಮಾರ್ತಾಂಡರಾಯರು ಕೆಲಸ ಬಿಡ್ತಾರ. ಖಾನಾಪುರದ ಜ್ವರ ಹತ್ತಿ ಹೈರಾಣ ಆಗ್ಯಾರ. ಸಾಹೇಬರು ನನ್ನ ಕರದು, ದೀಪಾವಳಿ ತನಕ ನೀ ಆಕ್ಟಿಂಗ್ ಮ್ಯಾನೇಜರ್ ಅಂದ್ರು. ಕೆಲಸ ಛಲೋ ಅನಿಸಿದ್ರ ಆಮ್ಯಾಲ ಪಕ್ಕಾ."

"ಆಕ್ಟಿಂಗ್ ಅಂದ್ರ?"

"ಅಂದ್ರ ನಾಟಕ. ಕುರ್ಚಿ ಮ್ಯಾನೇಜರಂದು, ಪಗಾರ ಅಸಿಸ್ಟಂಟಂದು, ಬೈಗುಳಾ ಇಬ್ಬರದೂ."

"ಅತ್ತಿಗೆ ಗೊತ್ತಾದ್ರ ಹೆಂಗ?"

"ಅದಕ್ಕಽ ಅಲ್ಲೇನು ನಿನ್ನ ಹಿತ್ತಲಕ್ಕ ಕರದದ್ದು?"

ಭೂಪಾಲನ ಕಂಪನಿ ಇಂಗ್ಲಿಷರದು. ಜಾಂಬೋಟಿ, ಲೋಂಡಾ ಕಡೆಯ ಕಾಡಿನಲ್ಲಿ ಸಾಗವಾನಿ, ಮತ್ತಿ ಮರ ಕಡಿಸಿ, ಗಾಡಿಗಳ ಮೇಲೆ ಖಾನಾಪುರದ ಡೆಪೋಕ್ಕೆ ತಂದು, ಅಲ್ಲಿಂದ ರೈಲಿಗೆ ಹೇರುವುದು ಅದರ ದಂಧೆ. ಬೆಳಗಾವಿಯ ಕ್ಯಾಂಪಿನಲ್ಲಿ ದೊಡ್ಡ ಆಫೀಸು. ಕಂಪನಿ ಎಂದಮೇಲೆ ಕಂಪನ ಇದ್ದದ್ದೇ. ಅಲ್ಲಿ ಜವಾನ ಕಾರಕೂನನಿಗೆ, ಕಾರಕೂನ ಮ್ಯಾನೇಜರನಿಗೆ, ಮ್ಯಾನೇಜರ ಸಾಹೇಬನಿಗೆ ನಡುಗುತ್ತಿದ್ದರು. ಸಾಹೇಬ ತನ್ನ ಹೆಂಡತಿ ಮಡ್ಡಮ್ಮನಿಗೆ ನಡುಗುತ್ತಿದ್ದ ಎಂದು ಜವಾನರು ಹೇಳುತ್ತಿದ್ದರು. ಆ ಆಫೀಸಿನ ಮೆಟ್ಟಿಲನ್ನು ಭೂಪಾಲ ಮೊದಲು ಹತ್ತಿದ್ದು ಉಮೇದವಾರನಾಗಿ. ಉಮೇದವಾರ ಎಂದರೆ ಕೆಲಸ ಉಂಟು, ಸಂಬಳ ಇಲ್ಲ. ಉಮೇದು ಮನೆಯಿಂದ ತರಬೇಕು. ಕೆಲವು ವರ್ಷ ಹಾಗೆ ಬಿಟ್ಟಿ ದುಡಿದ ಮೇಲೆ ಕಾರಕೂನನಾದ.

ಅದೇ ಸುಮಾರಿಗೆ ಅವನ ತಾಯಿ ಚಂಪಾಬಾಯಿ ಬೆಲ್ಲ ಸಕ್ಕರೆ ಬಿಟ್ಟಳು.

ಜೈನರ ಮನೆಯಲ್ಲಿ ಇದೇನು ಹೊಸತಲ್ಲ. ಹಾಲು, ಮೊಸರು, ತುಪ್ಪ, ಎಣ್ಣೆ, ಸಿಹಿ, ಉಪ್ಪು ಎಂದು ಆರು ರಸ. ಅದರಲ್ಲಿ ಒಂದೋ ಎರಡೋ ಬಿಡುವುದು ದೊಡ್ಡವರ ನೇಮ. ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಭೂಪಾಲ ಸ್ಟೋರ್‌ಕೀಪರನಾದ, ತುಪ್ಪ ಹೋಯಿತು. ಹೆಡ್ ಕ್ಲಾರ್ಕನಾದ, ಹಾಲು ಹೋಯಿತು. ಆಗ ಭೂಪಾಲನ ತಂದೆ ನೇಮಣ್ಣನಿಗೆ ತಲೆಯೊಳಗೆ ದೀಪ ಹತ್ತಿತು. ನೇಮಣ್ಣ ಬಟ್ಟೆ ಅಂಗಡಿ ಮುಚ್ಚಿ ಮನೆಯಲ್ಲಿ ಕೂತ ಮನುಷ್ಯ. ಅವನಿಗೆ ದೀಪ ಹತ್ತುವುದೇ ಅಪರೂಪ, ಹತ್ತಿದರೆ ಓಣಿಗೆಲ್ಲ ತೋರಿಸಿ ಬರುತ್ತಿದ್ದ.

"ಗಿಡದಾಗೂ ಜೀವ ಐತಿ ಅಂತೀವಿ ನಾವು. ಮಗಾ ಕಾಡು ಕಡಸಾಕ ಹತ್ಯಾನ. ಅದಕ್ಕ ಆಕಿ ತನ್ನ ಜೀವಾ ಒಣಗಸಾಕತ್ತಾಳ," ಎಂದ.

ಎಲ್ಲರಿಗೂ ಖರೆ ಅನಿಸಿತು. ಭೂಪಾಲ ಅಸಿಸ್ಟಂಟ್ ಮ್ಯಾನೇಜರನಾದಾಗ ಮೊಸರು ಹೋಗಿ, ಅದರ ಬೆನ್ನಿಗೆ ಮಜ್ಜಿಗೆಯೂ ಹೋದ ಮೇಲಂತೂ ಸಂಶಯ ಉಳಿಯಲಿಲ್ಲ. ಮಗನಿಗೊಂದು ನೇಮಕ, ತಾಯಿಗೊಂದು ನೇಮ. ಮಗ ಏಣಿ ಏರಿದ ಹಾಗೆ ತಾಯಿಯ ತಾಟು ಇಳಿಯುತ್ತ ಬಂತು. ಹೋದ ವರ್ಷ ಊರಿನಲ್ಲಿ ಕಾಂಗ್ರೆಸ್ಸಿನ ಅಧಿವೇಶನವಾದಾಗಿನಿಂದ ಬೆಳಗಾವಿಯ ಮಂದಿಗೆ ಯಾರು ಊಟ ಬಿಟ್ಟರೂ ಸತ್ಯಾಗ್ರಹವಾಗಿಯೇ ಕಾಣುತ್ತಿತ್ತು. "ನಿಮ್ಮ ಅತ್ತಿದು ಸತ್ಯಾಗ್ರಹ ನೋಡವಾ," ಎಂದು ಬಾಜೂ ಮನೆಯ ಭೀಮಕ್ಕ ಸೋನಾಬಾಯಿಗೆ ಹೇಳಿಬಿಟ್ಟಿದ್ದಳು.

ಕೇಳಬಹುದಿತ್ತಲ್ಲ, ಎನ್ನುತ್ತೀರಿ. ಆ ಮನೆಯಲ್ಲಿ ನೇಮ ಹಿಡಿದವರನ್ನು ಯಾಕೆ ಎಂದು ಕೇಳುವಂತಿರಲಿಲ್ಲ. ಕೇಳಿದರೆ ಪುಣ್ಯ ಪಾಲಾಗಿ ಕೇಳಿದವರಿಗೂ ಹೋಗುತ್ತದೆ ಎಂಬುದು ನೇಮಣ್ಣನ ತಾಯಿಯ ಕಾಲದಿಂದ ನಡೆದುಬಂದ ಮಾತು. ಸಾಲದ್ದಕ್ಕೆ ಚಂಪಾಬಾಯಿ ಗಂಡನ ಹೆಸರು ಬಾಯಲ್ಲಿ ತರದ ಹೆಂಗಸು. ಗಂಡ ನೇಮಣ್ಣನಾದ್ದರಿಂದ ನೇಮ ಎಂಬ ಮಾತೂ ಬಂದ್. "ನನಗ ಅದು ಐತಿ," ಎಂದು ತಾಟು ಸರಿಸುವಳು. ಅಲ್ಲಿಗೆ ಮುಗಿಯಿತು.

ಆ ಸಂಜೆ ಹೊತ್ತು ಮುಳುಗುವ ಮೊದಲು ಎಲ್ಲರೂ ಊಟಕ್ಕೆ ಕೂತರು. ಭಾದ್ರಪದದ ಮಳೆ ಇನ್ನೂ ಜಿನುಗುತ್ತಿತ್ತು. ಚಾತುರ್ಮಾಸವಾದ್ದರಿಂದ ಸೊಪ್ಪು ಇಲ್ಲ; ಸೋನಾಬಾಯಿ ಹೀರೆಕಾಯಿ ಪಲ್ಯ ಮಾಡಿದ್ದಳು. ಭೂಪಾಲ ಮುಖದಲ್ಲಿ ಏನೂ ಕಾಣಬಾರದೆಂದು ರೊಟ್ಟಿಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು ಮುರಿಯುತ್ತಿದ್ದ. ಸೋನಾಬಾಯಿ ಅತ್ತೆಯ ತಾಟಿಗೆ ಪಲ್ಯ ಬಡಿಸಲು ಬಾಗಿದಳು.

ಚಂಪಾಬಾಯಿ ಅಂಗೈ ಅಡ್ಡ ಹಿಡಿದಳು. "ಬ್ಯಾಡ. ಎಣ್ಣಿ ಐತಿ ಅದರಾಗ."

"ಎಣ್ಣಿ ಯಾವಾಗಲೂ ಇರತೈತ್ರಿ ಅತ್ತಿ."

"ಇನ್ನ ಮ್ಯಾಲ ನನಗ ಅದು ಐತಿ."

ಭೂಪಾಲನ ಕೈಯಿಂದ ರೊಟ್ಟಿ ಜಾರಿ ಸಾರಿಗೆ ಬಿತ್ತು. ಸುದ್ದಿ ಇನ್ನೂ ಹಿತ್ತಲು ದಾಟಿರಲಿಲ್ಲ. ತಾಯಿ ಮುಖ ನೋಡಿಯೇ ತಿಳಿದುಕೊಂಡಳು ಎಂದು ಗಂಡಹೆಂಡತಿ ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ನೇಮಣ್ಣ ಮಗನ ಕಿವಿಯ ಹತ್ತಿರ ಬಾಗಿ, "ಮತ್ತ ಬಡ್ತಿ ತಂದೀಯೇನೋ ಮನಿಹಾಳ?" ಎಂದ.

ಮ್ಯಾನೇಜರನ ಕುರ್ಚಿ ಖಾನಾಪುರದ ಡೆಪೋದಲ್ಲಿ; ಭೂಪಾಲ ಅಲ್ಲಿಗೆ ಹೋದ, ಶನಿವಾರಕ್ಕೊಮ್ಮೆ ಮನೆಗೆ ಬರುತ್ತಿದ್ದ. ಸೋನಾಬಾಯಿ ಎರಡು ಒಲೆ ಹೂಡಿದಳು. ಒಂದರಲ್ಲಿ ಮನೆಮಂದಿಯ ಅಡಿಗೆ, ಇನ್ನೊಂದರಲ್ಲಿ ಅತ್ತೆಯದು. ಬೇಯಿಸಿದ ಹೆಸರುಬೇಳೆ, ಒಣರೊಟ್ಟಿ, ಉಪ್ಪು, ಹುಣಸೆಹುಳಿ. ಬಸದಿಯಿಂದ ಬರುವಾಗ ಅತ್ತೆಯ ನೆರಳು ಗೋಡೆಯ ಮೇಲೆ ದಿನದಿನಕ್ಕೆ ಸಪೂರವಾಗುತ್ತಿದೆ ಎಂದು ಅವಳಿಗೆ ಅನಿಸುತ್ತಿತ್ತು. ಅನಿಸಿದ್ದನ್ನು ಭೀಮಕ್ಕ ಬಾವಿಯ ಹತ್ತಿರ ಬಾಯಿಬಿಟ್ಟು ಹೇಳಿದಳು.

"ಸೋನವ್ವಾ, ಸಿಟ್ಟಾಗಬ್ಯಾಡ. ಮ್ಯಾನೇಜರನ ಮನಿ ಅಂತಾರ, ಒಳಗ ಮುದುಕಿ ಎಲುಬಿನ ಹಂದರ ಆಗ್ಯಾಳ. ಮಂದಿ ಏನಂತಾರ ಗೊತ್ತೈತೇನು?"

"ಏನಂತಾರ?"

"ಸೊಸಿ ಬಡಸೂದಿಲ್ಲ ಅಂತಾರ."

"ಬಡಸಾಕ ಹೋದ್ರ ಕೈ ಅಡ್ಡ ಹಿಡೀತಾರ ಭೀಮಕ್ಕ."

"ನೀ ಹೇಳೂದು ನಾ ನಂಬತೀನಿ. ನಾ ಹೇಳೂದನ್ನ ಮಂದಿ ನಂಬೂದಿಲ್ಲ," ಎಂದು ಭೀಮಕ್ಕ ಕೊಡ ಎತ್ತಿದಳು. ನಂಬುವಂತೆ ಹೇಳುವ ಇರಾದೆ ಅವಳಿಗೆ ಇದ್ದಂತೆ ಕಾಣಲಿಲ್ಲ.

ಅಂದಿನಿಂದ ಸೋನಾಬಾಯಿಗೆ ಬಸದಿಯ ಮೆಟ್ಟಿಲು ಹತ್ತಲೂ ಹೆದರಿಕೆ. ಹೆಂಗಸರು ಮೊದಲು ಅತ್ತೆಯ ಗಲ್ಲ ನೋಡುವರು, ಆಮೇಲೆ ಸೊಸೆಯ ಗಲ್ಲ ನೋಡುವರು. ಸೋನಾಬಾಯಿಯ ಗಲ್ಲ ಹುಟ್ಟಿನಿಂದಲೇ ತುಂಬಿದ್ದು. ಆ ದಿನಗಳಲ್ಲಿ ಅದೊಂದು ಅಪರಾಧವಾಯಿತು.

ಒಂದು ಶುಕ್ರವಾರ ಅವಳು ಮಾವನನ್ನು ಕರೆದುಕೊಂಡು, ರೊಟ್ಟಿ ಚಟ್ನಿಯ ಗಂಟು ಕಟ್ಟಿಕೊಂಡು ರೈಲಿನಲ್ಲಿ ಖಾನಾಪುರಕ್ಕೆ ಹೋದಳು. ಡೆಪೋದಲ್ಲಿ ಮರದ ದಿಮ್ಮಿಗಳು ಮನೆಯೆತ್ತರಕ್ಕೆ ಒಟ್ಟಿದ್ದವು. ಭೂಪಾಲ ನಡೆದು ಬಂದರೆ ಗಾಡಿಯವರು ಬೀಡಿ ಮುಚ್ಚಿಡುತ್ತಿದ್ದರು, ಕಾರಕೂನರು ಎದ್ದು ನಿಲ್ಲುತ್ತಿದ್ದರು. ಮಾವನಿಗೆ ಅದನ್ನು ನೋಡಿ ಎದೆ ಉಬ್ಬಿತು. ಸೋನಾಬಾಯಿಗೆ ಮಾತ್ರ ಗಂಡ ಕುರ್ಚಿಯ ತುದಿಗೆ ಕೂತದ್ದು ಕಂಡಿತು. ಆಕ್ಟಿಂಗ್ ಮನುಷ್ಯನಿಗೆ ಕುರ್ಚಿಯೂ ಅರ್ಧವೇ. ಮೇಜಿನ ಮೇಲೆ ಮಾರ್ತಾಂಡರಾಯರು ಬಿಟ್ಟುಹೋದ ಕ್ವಿನೈನ್ ಬಾಟಲಿ ಇತ್ತು.

"ನೀವೂ ತಗೋತೀರೇನ್ರಿ ಇದನ್ನ?"

"ಜ್ವರಕ್ಕಲ್ಲ. ಅದನ್ನ ನೋಡಿದ್ರ ಸಾಹೇಬರ ನೆನಪು ಮರೀತೈತಿ. ಅಷ್ಟ ಕಹಿ." ನಕ್ಕ, ನಗು ಅರ್ಧಕ್ಕೇ ನಿಂತಿತು. "ಅವ್ವ ಹೆಂಗದಾಳ?"

"ಉಪ್ಪು ಒಂದಽ ಉಳದೈತಿ. ನೀವು ಪಕ್ಕಾ ಆದ್ರ ಅದೂ ಹೋಗತೈತಿ. ಉಪ್ಪು ಬಿಟ್ರ ಮನಷಾ ಎಷ್ಟು ದಿನಾ ತಡೀತಾನ್ರಿ?"

ನೇಮಣ್ಣ ಹೇಳಿದ, "ಎತ್ತಿಗೆ ಉಪ್ಪು ಹಾಕದಿದ್ರ ಎತ್ತು ಬೀಳತೈತಿ. ಆಕಿ ಎತ್ತಿಗಿಂತ ಹಟಮಾರಿ, ಅದಕ್ಕ ಎರಡು ದಿನಾ ಹೆಚ್ಚಿಗಿ ನಿಂತಾಳು."

ಭೂಪಾಲ ಕ್ವಿನೈನ್ ಬಾಟಲಿಯನ್ನು ಪಕ್ಕಕ್ಕೆ ಸರಿಸಿದ. "ನಾ ಇಂಗ್ಲಿಷು ಕಲಿತೆ, ಟೈಪು ಕಲಿತೆ. ಸಾಹೇಬನ ನಾಯಿಗೂ ಗುಡ್ ಮಾರ್ನಿಂಗ್ ಅಂದೆ. ಈ ಕುರ್ಚಿ ಸಲುವಾಗಿ ಏನೇನು ಮಾಡಿಲ್ಲ ಹೇಳ್ರಿ. ಆದ್ರ ತಾಯಿನ್ನ ಕೊಂದು ಮ್ಯಾನೇಜರ್ ಆದ ಅನಿಸಿಕೊಳ್ಳಾಕ ನನಗ ಧೈರ್ಯಿಲ್ಲ. ಒಲ್ಲೆ ಅಂತ ಹೇಳಿಬಿಡತೀನಿ."

ಸೋನಾಬಾಯಿ ರೊಟ್ಟಿಯ ಗಂಟು ಬಿಚ್ಚಿದಳು. ಎಷ್ಟೋ ದಿನದ ಮೇಲೆ ಅವಳಿಗೆ ಹಸಿವಾಗಿತ್ತು.

ಶನಿವಾರ ಮೂವರೂ ಕೂಡಿಯೇ ಮನೆಗೆ ಬಂದರು. ಚಂಪಾಬಾಯಿ ಪಡಸಾಲೆಯಲ್ಲಿ ಮೊರದ ಮುಂದೆ ಕೂತು ಬೇಳೆ ಹಸನು ಮಾಡುತ್ತಿದ್ದಳು. ಭೂಪಾಲ ಕೋಟು ಬಿಚ್ಚದೆ ತಾಯಿಯ ಎದುರಿಗೆ ಕೂತ. ತ್ಯಾಗಕ್ಕೆ ಕೋಟು ಇದ್ದರೆ ಒಂದು ಕಳೆ.

"ಅವ್ವಾ, ನಾ ಸಾಹೇಬರಿಗೆ ಒಲ್ಲೆ ಅಂತ ಹೇಳಾವ ಅದೀನಿ."

"ಏನ ಒಲ್ಲೆ?"

"ಮ್ಯಾನೇಜರಕಿ. ಗಿಡ ಕಡಸೂ ಕುರ್ಚಿ ನನಗ ಬ್ಯಾಡ. ನೀ ಎಣ್ಣಿ ತಿನ್ನು, ಮೊಸರು ತಿನ್ನು."

ಚಂಪಾಬಾಯಿಯ ಬೆರಳು ಬೇಳೆಯಲ್ಲಿ ನಿಂತಿತು. "ಯಾವ ಗಿಡ?"

"ಕಾಡಿನ ಗಿಡ. ಅದರ ಪಾಪಕ್ಕಽ ಅಲ್ಲೇನು ನೀ ಒಂದೊಂದಽ ಬಿಡಾಕತ್ತಿದ್ದು?"

ಮೊರ ಪಕ್ಕಕ್ಕೆ ಸರಿಯಿತು. ಅವಳು ಕೂಗಲಿಲ್ಲ, ಕೂಗಿದ್ದರೆ ಸೋನಾಬಾಯಿಗೆ ಅಷ್ಟು ಹೆದರಿಕೆಯಾಗುತ್ತಿರಲಿಲ್ಲ.

"ಲೇ ಭೂಪ್ಯಾ, ನನ್ನ ಬೆಲ್ಲಾ, ನನ್ನ ತುಪ್ಪಾ ಎಲ್ಲಾ ನೀರಾಗ ಹಾಕತೀಯೇನು? ನೀ ಉಮೇದವಾರ ಅಂತ ಬಿಟ್ಟಿ ದುಡಕೋತ ಕುಂತಾಗ ಓಣಿ ಎಲ್ಲಾ ನಗತಿತ್ತು. ಚಂಪಾಬಾಯಿ ಮಗಾ ಸಾಹೇಬನ ಬಾಗಲಾ ಕಾಯ್ತಾನ ಅಂತಿತ್ತು. ಆವಾಗ ನಾ ಬಸದಿ ಪದ್ಮಾವತಮ್ಮನ ಮುಂದ ನಿಂತು ಬೆಲ್ಲಾ ಬಿಟ್ಟೆ. ಆ ತಿಂಗಳಽ ನಿನ್ನ ಪಗಾರ ಚಾಲೂ ಆತು. ಖರೇನೋ ಸುಳ್ಳೋ?"

"ಖರೇ. ಆದ್ರ ಆವಾಗ ನಾ ಪರೀಕ್ಷಾ ಪಾಸ್ ಆಗಿ..."

"ಸ್ಟೋರಿಗೆ ತುಪ್ಪಾ ಹೋತು. ಹೆಡ್ ಕ್ಲಾರ್ಕಿಗೆ ಹಾಲು. ಅಸಿಸ್ಟಂಟ್ ಅನ್ನೂದು ದೊಡ್ಡದು ಅಂತ ಮೊಸರು, ಮಜ್ಜಿಗಿ ಎರಡೂ ಕೊಟ್ಟೆ."

"ಮತ್ತ ನನ್ನ ಇಂಗ್ಲಿಷು?"

"ಇಂಗ್ಲಿಷು ಓಣಿ ತುಂಬ ಹುಡುಗ್ರಿಗೆ ಬರತೈತಿ. ಅವರ ಅವ್ವಂದಿರು ತುಪ್ಪಾ ತಿಂತಾರ."

ಭೂಪಾಲ ಕೋಟಿನ ಗುಂಡಿ ಬಿಚ್ಚಿದ. ಹತ್ತಿದ ಮೆಟ್ಟಿಲುಗಳನ್ನೆಲ್ಲ ಯಾರೋ ಕೆಳಗಿನಿಂದ ಒಂದೊಂದಾಗಿ ಎಳೆದುಕೊಂಡ ಹಾಗೆ ಅವನ ಮುಖ ಆಗಿತ್ತು. ಸೋನಾಬಾಯಿಗೆ ಆಗ ಹೊಳೆಯಿತು: ಸುದ್ದಿ ಮನೆಗೆ ಬಂದ ದಿನ ಅತ್ತೆ ಎಣ್ಣೆ ಬಿಟ್ಟದ್ದು ಸುದ್ದಿ ಕೇಳಿ ಅಲ್ಲ, ಮ್ಯಾನೇಜರರ ಜ್ವರದ ಮಾತು ಕಿವಿಗೆ ಬಿದ್ದು, ಆ ಕುರ್ಚಿ ಮಗನಿಗೆ ಬರಲೆಂದು. ಮೊದಮೊದಲು ಯಾರೂ ಲಕ್ಷ್ಯ ಕೊಟ್ಟಿರಲಿಲ್ಲ, ಆಮೇಲೆ ಭೂಪಾಲ ಹೆದರಿ ಬಡ್ತಿಯನ್ನು ಮುಚ್ಚಿಡುತ್ತಿದ್ದ. ಆದ್ದರಿಂದ ಮೊದಲು ಯಾವುದು, ಆಮೇಲೆ ಯಾವುದು ಎಂದು ಯಾರಿಗೂ ಗೊತ್ತಾಗಿರಲಿಲ್ಲ. ದಂಡ ಎಂದು ಮನೆಯವರು ತಿಳಿದದ್ದು ಮುಂಗಡವಾಗಿತ್ತು.

ನೇಮಣ್ಣ ಗೊಣಗಿದ. "ಅಲ್ಲ, ಇದನ್ನ ಮದಲಽ ಹೇಳಬಾರದಾಗಿತ್ತೇನು?"

"ಹೆಂಗ ಹೇಳ್ಲಿ? ನಿಮ್ಮ ಹೆಸರು ಹಿಡದು ಹೇಳ್ಲೇನು?"

"ಮತ್ತ ಗಿಡಾ ಕಡಿಯೂ ಪಾಪ?"

"ಪಾಪ ಪಾಪಽ. ಅದಕ್ಕ ಪಗಾರ ಬಂದ ಮ್ಯಾಲ ಬಸದಿಗೆ ಕೊಟ್ಟೀವಿ. ಪಗಾರಽ ಬರದಿದ್ರ ಏನು ಕೊಡತಿದ್ರಿ?" ಎಂದು ಗಂಡನ ಬಾಯಿ ಮುಚ್ಚಿಸಿ ಮಗನ ಕಡೆ ತಿರುಗಿದಳು. "ಕೇಳಿಲ್ಲಿ. ಆಕ್ಟಿಂಗಿಗೆ ಎಣ್ಣಿ ಕೊಟ್ಟೀನಿ. ಪಕ್ಕಾ ಆಗಾಕ ನಾಳಿಂದ ಉಪ್ಪು. ನೀ ಒಲ್ಲೆ ಅಂದಿ ಅಂದ್ರ ಅವತ್ತಽ ಅನ್ನಾ ಬಿಡತೀನಿ."

ಸೋನಾಬಾಯಿ ಕಂಬ ಹಿಡಿದುಕೊಂಡಳು. "ಅತ್ತಿ, ಉಪ್ಪು ಕಾಯಂ ಬಿಡತೀರೇನ್ರಿ?"

"ಪಕ್ಕಾ ಆಗೂ ತನಕ. ಮ್ಯಾನೇಜರ್ ಆದ ಮ್ಯಾಲ ಮುಂದೇನೂ ಇಲ್ಲ ಅಂದ್ರ ಉಪ್ಪು ತಿರಗಿ ತಗೋತೀನಿ ಅಂತ ಬೇಡಕೊಂಡೀನಿ. ಮುಂದ ಇದ್ರ, ಆವಾಗ ನೋಡೂಣು."

ಮಗ ಕಂಪನಿಯ ಉಪ್ಪು ತಿಂದ, ತಾಯಿ ಮನೆಯ ಉಪ್ಪು ಬಿಟ್ಟಳು. ಮೊದಲು ಕೆಲಸ ಸಿಕ್ಕೀತೆಂದು ಹೆದರುತ್ತಿದ್ದ ಮನೆ ಈಗ ಸಿಗಲಿಕ್ಕಿಲ್ಲವೆಂದು ಹೆದರತೊಡಗಿತು. ಶನಿವಾರ ಭೂಪಾಲ ಬಂದು ಕಾಲು ತೊಳೆಯುವಷ್ಟರಲ್ಲಿ ನೇಮಣ್ಣ ಹಿತ್ತಲಿಗೆ ಓಡುವನು.

"ಸಾಹೇಬ ನಕ್ಕನೇನೋ ಈ ವಾರ?"

"ನಕ್ಕಿಲ್ಲ."

"ಬೈದನೇನು?"

"ಬೈದಿಲ್ಲ."

"ನಗೂದೂ ಇಲ್ಲ, ಬೈಯೂದೂ ಇಲ್ಲ ಅಂದ್ರ ಎಂಥಾ ಸಾಹೇಬಪಾ ಅಂವ. ನಿಮ್ಮವ್ವನ ಕಡೆಯಿಂದ ಏನರ ಸಂಬಂಧ ಐತೇನು ನೋಡು."

ಯಾರಿಗೂ ನಗು ಬರಲಿಲ್ಲ. ಖಾನಾಪುರದಲ್ಲಿ ಒಂದು ಗಾಡಿ ತಡವಾದರೆ ಭೂಪಾಲನಿಗೆ ತಾಯಿಯ ತಾಟು ಕಣ್ಣ ಮುಂದೆ ಬರುತ್ತಿತ್ತು. ತಾನೇ ಗಾಡಿಯ ಹಿಂದೆ ಓಡುತ್ತಿದ್ದ. ಸಾಹೇಬ ಅದನ್ನು ಕೆಲಸದ ಮೇಲಿನ ಶ್ರದ್ಧೆ ಎಂದು ತಿಳಿದ. ಹೆದರಿಕೆಗೂ ಶ್ರದ್ಧೆಗೂ ದೂರದಿಂದ ನೋಡುವವರಿಗೆ ಅಂಥ ಫರಕೇನೂ ಇಲ್ಲ.

ಇತ್ತ ಒಂದು ಬೆಳಗ್ಗೆ ಚಂಪಾಬಾಯಿ ಬಸದಿಯ ಮೆಟ್ಟಿಲ ಮೇಲೆ ಕುಸಿದು ಕೂತಳು. ಇಬ್ಬರು ಹೆಂಗಸರು ತೋಳು ಹಿಡಿದು ಮನೆಗೆ ತಂದು ಬಿಟ್ಟರು. ಬಿಟ್ಟು ಹೋಗುವಾಗ ಅಡಿಗೆಮನೆಯೊಳಗೆ ಕತ್ತು ಚಾಚಿ ನೋಡಿಯೇ ಹೋದರು. ವೈದ್ಯ ಕಲ್ಲಯ್ಯನವರು ನಾಡಿ ಹಿಡಿದು ಸೋನಾಬಾಯಿಯನ್ನು ಬಾಗಿಲ ಹೊರಗೆ ಕರೆದರು.

"ತಂಗಿ, ಔಷಧ ಬ್ಯಾಡ. ಒಂದು ಚಿಟಿಕಿ ಉಪ್ಪು ಹೊಟ್ಟಿಗೆ ಹೋಗಲಿ."

"ಹೆಂಗ ಹಾಕಲ್ರಿ?"

"ಅದು ವೈದ್ಯಶಾಸ್ತ್ರದಾಗಿಲ್ಲ. ನಿಮ್ಮ ಮನಿ ಶಾಸ್ತ್ರ."

ಮಧ್ಯಾಹ್ನ ಗಂಜಿ ಕಾಯಿಸುವಾಗ ಸೋನಾಬಾಯಿ ಅಡಿಗೆಮನೆಯ ಬಾಗಿಲು ಮುಂದಕ್ಕೆ ಮಾಡಿದಳು. ಎರಡು ಬೆರಳಿನಲ್ಲಿ ಉಪ್ಪು ಹಿಡಿದಳು, ಬಿಟ್ಟಳು, ಮತ್ತೆ ಹಿಡಿದಳು. ಮತ್ತೊಬ್ಬರ ನೇಮ ಮುರಿದವರಿಗೆ ಯಾವ ಗತಿ ಎಂದು ಬಸದಿಯಲ್ಲಿ ಕೇಳಿದ್ದೆಲ್ಲ ನೆನಪಾಯಿತು. ಅದಕ್ಕಿಂತ, ಅತ್ತೆಗೆ ಏನಾದರೂ ಆದರೆ ಬಾವಿಕಟ್ಟೆಯಲ್ಲಿ ಏನೇನು ಕೇಳಬೇಕಾದೀತು ಎಂಬುದು ನೆನಪಾಯಿತು. ಕಣ್ಣು ಮುಚ್ಚಿ ಹಾಕಿದಳು.

ಚಂಪಾಬಾಯಿ 'ಒಂದು ಗುಟುಕು' ಎಂದು ಬಟ್ಟಲು ಎತ್ತಿದವಳು, ನಾಲಿಗೆಗೆ ತಾಗಿದ್ದೇ ಕೆಳಗಿಟ್ಟಳು. ಸೊಸೆಯನ್ನು ನೋಡಿದಳು. ಎದ್ದು ಗೋಡೆ ಹಿಡಿದು ಹಿತ್ತಲಿಗೆ ಹೋಗಿ ಉಗುಳಿ, ಬಾಯಿ ಮುಕ್ಕಳಿಸಿ ಬಂದು ಮಲಗಿದಳು.

"ಅತ್ತಿ, ತಪ್ಪಾತ್ರಿ."

"ನೀ ಹೆದರಿ ಹಾಕಿದಿ, ಗೊತ್ತೈತಿ. ಈಗ ಅದಕ್ಕ ನಾ ನಾಳಿ ನೀರು ಸೈತ ಮುಟ್ಟೂಹಂಗಿಲ್ಲ. ಇನ್ನೊಮ್ಮೆ ಹೆದರಬ್ಯಾಡ. ನಿನ್ನ ಹೆದರಿಕಿ ನನಗ ತುಟ್ಟಿ ಬೀಳತೈತಿ."

ಮಾರನೆಯ ದಿನವೆಲ್ಲ ಆ ಮನೆಯಲ್ಲಿ ಒಲೆ ಹತ್ತಲಿಲ್ಲ. ನೇಮಣ್ಣ ಮಾತ್ರ ಎಲ್ಲಿಂದಲೋ ಬಾಳೆಹಣ್ಣು ತಂದು, ಕೋಣೆಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ತಿಂದ.

ದೀಪಾವಳಿಯ ಮುನ್ನಾದಿನ ಭೂಪಾಲ ಬಂದ. ಸೋನಾಬಾಯಿ ಕಾಲಿಗೆ ನೀರು ಹಾಕುತ್ತಿದ್ದಂತೆ, "ಪಕ್ಕಾ ಆತು," ಎಂದ. ಅವಳ ಕೈಯಿಂದ ಚೊಂಬು ಕಲ್ಲಿನ ಮೇಲೆ ಬಿತ್ತು. ಕಣ್ಣೀರು ಬಂದದ್ದು ಬಡ್ತಿಗಲ್ಲ. ನಾಳೆ ಅತ್ತೆಯ ತಾಟಿಗೆ ಉಪ್ಪು ಬಡಿಸಬಹುದೆಂದು.

"ಇನ್ನೊಂದು ಮಾತು ಐತಿ," ಎಂದು ಭೂಪಾಲ ದನಿ ಇಳಿಸಿದ. ದನಿ ಇಳಿಯಿತು, ಕಣ್ಣು ಮಾತ್ರ ಏರಿದವು. "ಸಾಹೇಬರು ನನ್ನ ಕೈ ಹಿಡದು ಕುಲುಕಿದ್ರು. ಕುಲುಕಿ ಅಂದ್ರು, ಹಿಂಗಽ ನಡಸು, ಮುಂದ ನಿನ್ನ ಮುಂಬೈ ಆಫೀಸಿಗೆ ಕರಸ್ಕೋತೀವಿ. ಅಸಿಸ್ಟಂಟ್ ಏಜೆಂಟ್. ನಮ್ಮ ಮಂದಿಗೆ ಆ ಕುರ್ಚಿ ಇನ್ನೂ ಯಾರಿಗೂ ಸಿಕ್ಕಿಲ್ಲ. ಮದಲನೇದಾಂವ ನಾ ಆಗತೀನಿ."

ಸೋನಾಬಾಯಿ ಚೊಂಬನ್ನು ಎತ್ತಿಕೊಳ್ಳಲಿಲ್ಲ. "ಇದು ಮತ್ತ ಯಾರಿಗೆ ಗೊತ್ತೈತ್ರಿ?"

"ಅಪ್ಪಗ ಹೇಳೀನಿ. ಸ್ಟೇಶನ್‌ದಾಗ ಕಾಯ್ಕೋತ ಕುಂತಿದ್ದ."

ಮಾವನಿಗೆ ಗೊತ್ತಾಯಿತೆಂದರೆ ಡಂಗುರದವನಿಗೆ ಹೇಳಿದ ಹಾಗೆಯೇ. ಸೋನಾಬಾಯಿ ಆ ರಾತ್ರಿಯಿಂದ ಮರುದಿನದ ಊಟದ ತನಕ ಮಾವನ ಬೆನ್ನು ಬಿಡಲಿಲ್ಲ; ಬೆಳಗಾದ ಮೇಲೆ ಅವನು ಬಾಯಿ ತೆರೆದಲ್ಲೆಲ್ಲ ಒಂದು ಕರಿಗಡಬು ಹಿಡಿದುಕೊಂಡು ಹಾಜರಾದಳು.

ಬಸದಿಯಿಂದ ಬಂದು ಎಲ್ಲರೂ ಒಂದೇ ಸಾಲಿಗೆ ಕೂತರು. ಚಂಪಾಬಾಯಿ ಗಂಡನ ಸಾಲಿನಲ್ಲಿ ಎಂದೂ ಕೂಡದವಳು. ಅಂದು ತಾನೇ ಮಣೆ ಎಳೆದುಕೊಂಡು ಮಗನ ಪಕ್ಕಕ್ಕೆ ಕೂತಳು. ಮಣಿಕಟ್ಟಿನ ಬಳೆ ಮೊಣಕೈಯವರೆಗೂ ಜಾರುತ್ತಿತ್ತು. ಸೋನಾಬಾಯಿ ಅವಳ ತಾಟಿಗೆ ಬಿಳಿ ಅನ್ನ ಬಡಿಸಿದಳು. ಮೇಲೆ ಬೇಯಿಸಿದ ಬೇಳೆ. ಆಮೇಲೆ ತಾಟಿನ ಅಂಚಿಗೆ ಒಂದು ಚಿಟಿಕೆ ಉಪ್ಪು ಇಟ್ಟಳು.

ಚಂಪಾಬಾಯಿ ಉಪ್ಪನ್ನು ನೋಡಿದಳು, ಮುಟ್ಟಲಿಲ್ಲ.

"ಮ್ಯಾನೇಜರ್ ಆದಿ. ಛಲೋ ಆತು. ಇನ್ನ ಇದರ ಮ್ಯಾಲ ಏನೈತಿ?"

ನೇಮಣ್ಣ ಬಾಯಿ ತೆರೆದ. "ಮುಂಬ..."

ಸೋನಾಬಾಯಿ ಬಿಸಿ ಸಾರಿನ ಸೌಟನ್ನು ಅವನ ತಾಟಿನಲ್ಲಿದ್ದ ಬೆರಳುಗಳ ಮೇಲೆಯೇ ಬಗ್ಗಿಸಿದಳು. ನೇಮಣ್ಣ ಹಾ ಎಂದು ಕೈ ಎಳೆದುಕೊಂಡು ಸೊಸೆಯ ಮುಖ ನೋಡಿದ. ಏನು ಕಂಡನೋ, "ಮುಂಬರೂ ವರ್ಷ ಮಳಿ ಛಲೋ ಐತಂತ," ಎಂದು ಬೆರಳು ಬಾಯಿಗೆ ಹಾಕಿಕೊಂಡ.

"ನಾ ಮಗನ್ನ ಕೇಳಿದೆ," ಅಂದಳು ಚಂಪಾಬಾಯಿ.

ಭೂಪಾಲ ಇಲ್ಲ ಅನ್ನಬೇಕಾಗಿತ್ತು. ಇಷ್ಟು ಸಣ್ಣ ಮಾತು ಕನ್ನಡದಲ್ಲಿ ಮತ್ತೊಂದಿಲ್ಲ. ಅವನ ತುಟಿ ಅಲುಗಿತು, ನಿಂತಿತು. ಕಣ್ಣು ತಾಯಿಯ ಮುಖದಿಂದ ಕೆಳಗಿಳಿದು ಅವಳ ತಾಟಿನ ಮೇಲೆ ಕೂತಿತು, ಬಿಳಿ ಅನ್ನದ ಮೇಲೆ. ಬೆಲ್ಲಕ್ಕೆ ಕಾರಕೂನಿ ಬಂದಿತ್ತು. ತುಪ್ಪಕ್ಕೆ ಸ್ಟೋರು ಬಂದಿತ್ತು. ಉಪ್ಪಿಗೆ ಈ ಕುರ್ಚಿ ಬಂದಿತ್ತು. ಅಂಗಡಿಯ ಕಟ್ಟೆಯಲ್ಲಿ ನಿಂತ ಗಿರಾಕಿ ಮಾಲು ನೋಡುವ ಹಾಗೆ ಅವನು ಆ ಅನ್ನವನ್ನು ನೋಡುತ್ತಿದ್ದ.

ಸೋನಾಬಾಯಿ ಆ ನೋಟ ಕಂಡಳು. ಇಷ್ಟು ವಾರಗಳಲ್ಲಿ ಅತ್ತೆಗೆ ಹೆದರಿದ್ದಳು, ಓಣಿಗೆ ಹೆದರಿದ್ದಳು, ಪಾಪಕ್ಕೆ ಹೆದರಿದ್ದಳು. ಆ ಹೆದರಿಕೆಗಳೆಲ್ಲ ಈಗಿನದರ ಮುಂದೆ ಮಕ್ಕಳಾಟ ಅನಿಸಿದವು.

"ಏನೂ ಇಲ್ರಿ ಅತ್ತಿ," ಎಂದಳು. ತನ್ನ ದನಿ ಇಷ್ಟು ಗಟ್ಟಿ ಇದೆ ಎಂದು ಅವಳಿಗೇ ಗೊತ್ತಿರಲಿಲ್ಲ. "ಇದಽ ಕಡೀ ಕುರ್ಚಿ. ಇದರ ಮ್ಯಾಲ ಬರೇ ಇಂಗ್ಲಿಷರು. ನಮ್ಮ ಮಂದಿನ್ನ ಅಲ್ಲಿ ಕುಂದರಸಂಗಿಲ್ಲ."

"ಖರೇನೋ ಭೂಪಾಲಾ?"

ಭೂಪಾಲ ಹೆಂಡತಿಯ ಕಡೆ ನೋಡಿದ. ಸೋನಾಬಾಯಿ ಕಣ್ಣು ತೆಗೆಯಲಿಲ್ಲ.

"ಖರೇ," ಎಂದ ಕೊನೆಗೆ. ಹೊಟ್ಟೆಯೊಳಗಿನ ಏನನ್ನೋ ಕಿತ್ತು ಕೊಟ್ಟವನ ಹಾಗಿತ್ತು ಮಾತು.

ಚಂಪಾಬಾಯಿ ಅಂಚಿನ ಉಪ್ಪನ್ನು ಎರಡು ಬೆರಳಲ್ಲಿ ಎತ್ತಿ ಅನ್ನಕ್ಕೆ ಬೆರೆಸಿದಳು. ಮೊದಲ ತುತ್ತು ಬಾಯಿಗೆ ಹೋದಾಗ ಕಣ್ಣು ಮುಚ್ಚಿದಳು. ಎರಡನೆಯದು, ಮೂರನೆಯದು. ಮತ್ತೆ ಬಡಿಸು ಎಂದು ತಾಟು ತೋರಿಸಿದಳು. ನೇಮಣ್ಣ ಸುಟ್ಟ ಬೆರಳು ಮರೆತು ನಕ್ಕ.

ಉಂಡು ಮುಗಿಸಿ, ಕೈ ತೊಳೆಯಲು ಏಳುವ ಮೊದಲು ಅವಳು ಮಗನ ಬೆನ್ನ ಮೇಲೆ ಎಡಗೈ ಆಡಿಸಿದಳು.

"ಆದ್ರೂ, ಮುಂದ ಯಾವಾಗರ ಏನರ ಹುಟ್ಟಿದ್ರ ನನ್ನ ಮುಂದ ಮುಚ್ಚಬ್ಯಾಡ. ಅನ್ನ ಅಂತೂ ಇನ್ನೂ ಐತಿ ನನ್ನ ಕಡೆ."

ಭೂಪಾಲ ತಲೆ ಎತ್ತಿದ. ಏನೋ ಹೇಳಲು ಗಂಟಲು ಸರಿಮಾಡಿಕೊಂಡ.

ಸೋನಾಬಾಯಿ ಅನ್ನದ ಬೋಗುಣಿಯನ್ನು ಅವನ ಮುಂದಿನಿಂದ ಎತ್ತಿಕೊಂಡಳು. ತಾಯಿಗೂ ಮಗನಿಗೂ ನಡುವೆ ಅದನ್ನು ಇಟ್ಟು, ಅದರ ಹಿಂದೆ ತಾನು ಕೂತು, ಗಂಡನ ಕಡೆ ಮುಖ ಮಾಡಿ ಉಣ್ಣತೊಡಗಿದಳು.